ಲೇಯ್ತು ಕುರ್ಚಿ ಬಿಡಲಿಲ್ಲ

ದ್ವೀಪನಗರಿ ಅಪಿಯಾದ ನಮ್ಮ ವಾರಪತ್ರಿಕೆಯಲ್ಲಿ ಪುಟಗಳನ್ನು ತಿದ್ದುತ್ತಿದ್ದವಳು ಲೇಯ್ತು. ಸಂಧಿವಾತ ಬಂದು ಅವಳ ಬೆರಳುಗಳು ಸೆಟೆದುಕೊಂಡವು. ಕೀಲಿಮಣೆ ಒತ್ತಲು ಆಗುತ್ತಿರಲಿಲ್ಲ. ಮೌಸ್ ಹಿಡಿಯುವಷ್ಟು ಮಾತ್ರ ಬಲಗೈ ಬಗ್ಗುತ್ತಿತ್ತು. ರಜೆ ಮುಗಿಸಿ ಬಂದ ಬೆಳಿಗ್ಗೆಯೇ ಸಂಪಾದಕ ಇಯೋಸುವಾ ಅವಳೆದುರು ನಿಂತ. ಅವನು ಅವಳ ಚಿಕ್ಕಪ್ಪನ ಮಗ.

"ಅಕ್ಕಾ, ನಿಂಗೊಂದು ಬೀಳ್ಕೊಡುಗೆ ಊಟ ಇಟ್ಕೊಂಡಿದೀವಿ. ಹಂದಿ ಸುಡೋಕೂ ಹೇಳಾಯ್ತು."

"ಹಾಕ್ಸು. ಉಂಡು ಬಂದು ಮತ್ತೆ ಇಲ್ಲೇ ಕೂರ್ತೀನಿ."

"ಟೈಪ್ ಮಾಡೋಕೇ ಆಗಲ್ವಲ್ಲಕ್ಕ..."

"ಬರೆಯೋಕೆ ವರದಿಗಾರರಿದಾರೆ. ನನ್ ಕೆಲ್ಸ ಅವರು ಬರೆದದ್ದನ್ನ ಕೊಯ್ಯೋದು."

ಎಂದವಳೇ ಕೀಲಿಮಣೆಯನ್ನು ಮೊಣಕೈಯಿಂದ ನನ್ನ ಮೇಜಿನತ್ತ ತಳ್ಳಿದಳು. "ಫೆಟೂ, ಇದನ್ನ ನೀನೇ ಇಟ್ಕೋ. ಜಾಗ ತಿನ್ನುತ್ತೆ."

ಸವಾಯಿ ದ್ವೀಪದ ದೋಣಿ ನಿಂತುಹೋದ ಸುದ್ದಿ ಅವಳ ಪರದೆಯಲ್ಲಿತ್ತು. ಮುಖ್ಯ ಸಂಗತಿಯನ್ನು ವರದಿಗಾರ ಕೊನೆಯ ಪ್ಯಾರಾದಲ್ಲಿ ಹೂತಿಟ್ಟಿದ್ದ. ಲೇಯ್ತು ಆ ಪ್ಯಾರಾದ ಮೇಲೆ ಮೂರು ಸಲ ಪಟಪಟ ಒತ್ತಿದಳು; ಇಡೀ ಪ್ಯಾರಾ ನೀಲಿಯಾಯಿತು. ಹಾಗೇ ಹಿಡಿದೆಳೆದು ಮೇಲೆ ತಂದು ಕೂರಿಸಿದಳು. ಬೇಡದ ಪದಗಳನ್ನು ಎರಡೇ ಒತ್ತಿಗೆ ಹಿಡಿದು, ಬಲಗುಂಡಿಯಿಂದ ಕತ್ತರಿಸಿ ಎಸೆದಳು. ಕಪ್ತಾನನ ಹೆಸರಲ್ಲಿ ಒಂದಕ್ಷರ ಬಿಟ್ಟುಹೋಗಿತ್ತು. ಪರದೆಯ ಮೇಲೇ ಕೀಲಿಮಣೆಯ ಚಿತ್ರ ತೆರೆದು, ಮೌಸಿನಿಂದ ಆ ಅಕ್ಷರವನ್ನು ಒತ್ತಿದಳು.

"ನಿಧಾನ ಆಯ್ತಕ್ಕ," ಎಂದ ಇಯೋಸುವಾ.

"ಆಯ್ತು. ಪ್ರೆಸ್ಸಿನವನು ಇನ್ನೂ ಬಂದಿಲ್ವಲ್ಲ? ನಿಂಗ್ಯಾಕೆ ಅವಸರ?"

ಪರದೆಯಲ್ಲಿ ಕಿಟಕಿಗಳು ಒಂದರ ಮೇಲೊಂದು ಹೇರಿಕೊಂಡಿದ್ದವು. ತನ್ನ ಪುಟದ ಕಿಟಕಿಯ ನೆತ್ತಿಯನ್ನು ಮೌಸಿನಿಂದ ಹಿಡಿದು ಗಡಗಡ ಅಲ್ಲಾಡಿಸಿದಳು. ಉಳಿದವೆಲ್ಲ ಕ್ಷಣದಲ್ಲಿ ಕೆಳಗಿಳಿದವು. ಇಯೋಸುವಾ ಬಗ್ಗಿ ನೋಡಿದ.

"ಇದನ್ನ ಯಾರು ಹೇಳ್ಕೊಟ್ರು?"

"ಯಾರೂ ಇಲ್ಲ. ಮನೇಲಿ ಕೂತು ಎಲ್ಲಾನೂ ಒತ್ತಿ ಒತ್ತಿ ನೋಡ್ದೆ. ಕೆಡಿಸ್ತೀಯ ಅಂತ ಮಗಳು ಕಿರುಚಾಡಿದ್ಲು. ಕೆಡ್ಲಿಲ್ಲ."

ಅವಳ ಹಣೆ ಬೆವೆತಿತ್ತು. ಮೌಸ್ ಬಿಟ್ಟು ಬಲಗೈಯನ್ನು ಕಂಕುಳಲ್ಲಿ ಒತ್ತಿ ಹಿಡಿದಳು. ಅದನ್ನು ಕಂಡ ಇಯೋಸುವಾನ ದನಿ ಮೆತ್ತಗಾಯಿತು.

"ನೋಯುತ್ತಲ್ವ? ಮನೇಲಿ ಆರಾಮಾಗಿರಬಹುದಲ್ಲ?"

"ಮನೇಲೂ ನೋಯುತ್ತೆ ಕಣೋ. ಅಲ್ಲಿ ನೋವು ಬಿಟ್ರೆ ಬೇರೇನೂ ಇಲ್ಲ."

ಅವನು ತಲೆ ಕೆರೆದುಕೊಳ್ಳುತ್ತ ತನ್ನ ಕೋಣೆಯತ್ತ ತಿರುಗಿದ.

"ಹೋಗ್ತಾ ಹೋಗ್ತಾ ರಗ್ಬಿ ಪುಟಾನೂ ಕಳ್ಸು," ಎಂದು ಬೆನ್ನಿಗೆ ಕೂಗಿದಳು. "ನಾನಿಲ್ಲದಾಗ ಅದನ್ನ ಹಾಳು ಮಾಡಿಟ್ಟಿದೀರ."

ಸ್ವಲ್ಪ ಹೊತ್ತಿನಲ್ಲಿ ಅವನ ಕೋಣೆಯಿಂದ ಅವಳ ಪರದೆಗೆ ರಗ್ಬಿ ಪುಟ ಬಂತು.