ಒಲೆಯ ಮುಂದಿನ ಮಣೆ

ಕಟ್ಟಿಗೆ ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿ ಒಣ ಚಕ್ಕೆ ಹುಡುಕುತ್ತಿದ್ದ ಮಂಜಿ ಒಂದು ಬಟ್ಟೆಚೀಲವನ್ನು ಎಳೆದು ತೆಗೆದಳು. ಎರಡು ಕಡ್ಡಿಗಳು ಹೊರಗೆ ಇಣುಕುತ್ತಿದ್ದವು. ಅವಕ್ಕೆ ಜೋತುಬಿದ್ದಿತ್ತು ಬಾಳೆಹಣ್ಣಿನ ಬಣ್ಣದ, ಅಂಗೈಯಗಲದ ಸ್ವೆಟರಿನ ತುಂಡು.

“ಗಂಗಕ್ಕ, ನಿನ್ನ ಚೀಲ ಕಟ್ಟಿಗೆ ಸಂದೀಲಿ ಹ್ಯಾಂಗೆ ಬಂತೇ? ನಾ ನೋಡ್ಲಿಲ್ಲ ಅಂದ್ರೆ ಒಲೆಗೇ ಹೋಗ್ತಿತ್ತು.”

ಬಚ್ಚಲ ಬಾಗಿಲಿಗೆ ಒರಗಿ ಕುಳಿತಿದ್ದ ಗಂಗೂ ಕೈ ಚಾಚಿ ಚೀಲ ತೆಗೆದುಕೊಂಡಳು. ಬೆಳಗಿನಿಂದ ಉತ್ತರ ಕೊಟ್ಟು ಕೊಟ್ಟು ಅವಳಿಗೆ ಸಾಕಾಗಿತ್ತು. ಎಷ್ಟೊತ್ತಿಗೆ ಹೋದ, ನೀರು ಕೇಳಿದನಾ, ಎದೆ ನೋವು ಅಂದನಾ. ಆರು ಗಂಟೆಗೆ, ಬಚ್ಚಲ ಒಲೆಯ ಮುಂದಿನ ಮಣೆಯ ಮೇಲೆ, ಕುಳಿತಲ್ಲೇ. ಏನೂ ಕೇಳಲಿಲ್ಲ, ಏನೂ ಅನ್ನಲಿಲ್ಲ.

ಅಂಗಳದಲ್ಲಿ ಮೂರು ಕಲ್ಲಿಟ್ಟು ಹೆಣ ಮೀಯಿಸಲು ನೀರು ಕಾಯಿಸುತ್ತಿದ್ದರು. ಅಗಸೂರಿನ ಜನವರಿ ಮಂಜು ಇನ್ನೂ ತೆಂಗಿನ ಮರಗಳ ಅರ್ಧಕ್ಕೆ ನಿಂತಿತ್ತು. ಒಳಗೆ ಪಡಸಾಲೆಯಲ್ಲಿ ಅವಳ ಗಂಡ ಜಟ್ಟಿ ಚಾಪೆಯ ಮೇಲೆ ಮಲಗಿದ್ದ. ಹೆಸರು ಜಟ್ಟಿ, ಕುಸ್ತಿ ಮಾತ್ರ ಜೀವಮಾನವಿಡೀ ಒಲೆಯ ಹೊಗೆಯ ಜೊತೆ ಎಂದು ಊರು ನಗುತ್ತಿತ್ತು.

“ಪುಣ್ಯವಂತ ಬಿಡು,” ಮಂಜಿ ಚಕ್ಕೆ ಮುರಿಯುತ್ತ ಅಂದಳು. ಪಕ್ಕದ ಮನೆಯವಳು, ಮೂವತ್ತು ವರ್ಷದ ಬಳಕೆ. “ಬೆಚ್ಚಗೆ ಕುಂತಿದ್ದ, ಬೆಚ್ಚಗೇ ಹೋದ. ದುಡಿದದ್ದೆಲ್ಲ ನೀನೇ. ಕಟ್ಟಿಗೆ ಒಡೀತೆ, ಊರಿಗೆಲ್ಲ ಸ್ವೆಟರ್ ಹೆಣೀತೆ. ಅಂವ ಊದುಕೊಳವೆ ಹಿಡ್ಕಂಡು ಕುಂತ್ಕಂಬೂದು.”

ಅಂಗಳದ ಗಂಡಸರ ಗುಂಪಿನಿಂದ ಕಿಶನನ ದನಿ ಕೇಳಿತು. ಜಟ್ಟಿಯ ಅಣ್ಣನ ಮಗ, ಕಾರವಾರದಲ್ಲಿ ಟೆಂಪೋ ಓಡಿಸುವವನು. ಜಟ್ಟಿಗೆ ಮಕ್ಕಳಿಲ್ಲದ್ದರಿಂದ ಬೆಂಕಿ ಇಡಬೇಕಾದವನೂ ಅವನೇ. ಅತ್ತು ಕಣ್ಣು ಊದಿದ್ದರೂ ಯಾರೋ ಕೇಳಿದರೆಂದು ಚಿಕ್ಕಪ್ಪನ ದನಿ ಮಾಡಿ ತೋರಿಸುತ್ತಿದ್ದ. ಭುಜ ಕುಗ್ಗಿಸಿ, ತಲೆ ಬಗ್ಗಿಸಿ, ಮೂಗಿನಲ್ಲಿ: “ಸೀದಾ… ಸೀದಾ… ಉಲ್ಟಾ… ಥೋ, ತಪ್ಪಿತು. ಗಂಗೂ, ಒಂದ್ ಕೊಳ್ಳಿ ಮುಂದೆ ನೂಕೇ.”

ಗಂಡಸರು ಮೆಲ್ಲಗೆ ನಕ್ಕರು.

“ಸೀದಾ ಉಲ್ಟಾ ಅಂದ್ರೆ ಎಂತದು ಮಾರಾಯಾ?”

“ಕಟ್ಟಿಗೆ ಒಲೆಗಿಡೂ ಲೆಕ್ಕ ಇರ್ಬೇಕು. ಯಾರಿಗ್ಗೊತ್ತು. ಸಣ್ಣಿದ್ದಾಗ ನಾ ಕೇಳಿದ್ರೆ, ಮಂತ್ರ ಅಂತಿದ್ದ.”

ಗಂಗೂ ಚೀಲವನ್ನು ಸೆರಗಿನೊಳಗೆ ಎಳೆದುಕೊಂಡಳು. ಮಂಜಿ ಬಗ್ಗಿ ಪಿಸುಗುಟ್ಟಿದಳು: “ಇವತ್ತು ಹೇಳಬಾರ್ದು ಗಂಗಕ್ಕ. ಆದ್ರೂ ದಿನ ಎಲ್ಲ ಮುಗಿದ್ಮೇಲೆ ಅದೊಂದು ಮುಗಿಸಿಕೊಡು. ನಮ್ಮ ಮಗಳು ರಕ್ಷಿತಾಗೆ ಬರೂ ತಿಂಗಳೇ ಹೆರಿಗೆ. ಚೊಚ್ಚಲು. ನಿನ್ನ ಕೈದು ಬಿಟ್ಟು ಬೇರೆ ಹಾಕೂದಿಲ್ಲ ಅಂತ ಕುಂತದೆ ಅದು.”

* * *

ನಿನ್ನ ಕೈದು.

ಮೂವತ್ತು ವರ್ಷದ ಹಿಂದೆ ಜಟ್ಟಿ ಸ್ವಲ್ಪ ಕಾಲ ಮಲ್ಲಾಪುರದ ಅಣುಸ್ಥಾವರದ ಕ್ವಾರ್ಟರ್ಸಿನಲ್ಲಿ ತೋಟದ ಕೆಲಸಕ್ಕಿದ್ದ. ಉತ್ತರದ ಕಡೆಯ ಹೆಂಗಸೊಬ್ಬಳು ಚಳಿಗಾಲದಲ್ಲಿ ಮೆಟ್ಟಿಲ ಮೇಲೆ ಬಿಸಿಲಿಗೆ ಕುಳಿತು ಹೆಣೆಯುತ್ತಿದ್ದಳು. ಇವನು ಗಿಡಕ್ಕೆ ನೀರು ಬಿಟ್ಟು ಅವಳ ಕೈಯನ್ನೇ ನೋಡುತ್ತಿದ್ದ. ಗಿಡ ಕೊಳೆಯುವಷ್ಟು ನೀರಾದ ಮೇಲೆ ಅವಳೇ ಕರೆದು, ಹೆಂಡತಿಗೆ ಕಲಿಸು ಎಂದು ಎರಡು ಉಂಡೆ ಉಲ್ಲನ್ ಕೊಟ್ಟಳು. ಹೆಣಿಗೆಯ ಎರಡು ಬಗೆಯ ಕುಣಿಕೆಗೆ ಸೀದಾ, ಉಲ್ಟಾ ಅನ್ನುವುದು ಅವಳ ಮಾತೇ.

ಗಂಗೂ ಒಂದು ವಾರ ಹೆಣಗಿದಳು. ಕೊಡಲಿ ಹಿಡಿದ ಕೈಗೆ ಕಡ್ಡಿ ನಿಲ್ಲಲಿಲ್ಲ. ಜಟ್ಟಿ ಹಳೆಯ ಕೊಡೆಯ ಕಡ್ಡಿಗಳನ್ನು ಕಲ್ಲಿಗೆ ತಿಕ್ಕಿ ನುಣುಪು ಮಾಡಿಕೊಂಡು ಬಚ್ಚಲ ಒಲೆಯ ಮುಂದೆ ಕುಳಿತ. ಅಂಕೋಲೆಯಲ್ಲಿ ಚಳಿ ಇರುವುದು ಹೆಚ್ಚೆಂದರೆ ಇಪ್ಪತ್ತು ದಿನ. ಅವನ ಕೈ ಮಾತ್ರ ಸೆಕೆಗಾಲದಲ್ಲೂ ನಿಲ್ಲಲಿಲ್ಲ.

ಮೊದಲ ಸಲ ಅಂಗಳದಲ್ಲಿ ಹೆಜ್ಜೆ ಸಪ್ಪಳ ಕೇಳಿದಾಗ, ಮಂಜಿ ಮೊಸರಿಗೆ ಹೆಪ್ಪು ಕೇಳಲು ಬಂದಿದ್ದಳು. ಗಂಡಸು ಹೆಣೆದರೆ ನಗುತ್ತಾರೆ ಎಂದು ಬಾಡಿದ ಅವನ ಮುಖ ಕಂಡು ಗಂಗೂ ತಟಕ್ಕನೆ ಕಡ್ಡಿ ಕಸಿದು ತನ್ನ ಮಡಿಲಿಗೆ ಹಾಕಿಕೊಂಡಳು. ಅವನು ಊದುಕೊಳವೆ ಎತ್ತಿಕೊಂಡ.

“ಅಯ್ಯ, ಗಂಗಕ್ಕ, ಇದು ಯಾವಾಗ ಕಲಿತದ್ದೇ?”

ಅಲ್ಲಿಂದ ಮೂವತ್ತು ವರ್ಷ. ನಾಯಿ ಬೊಗಳಿದರೆ ಕಡ್ಡಿ ಅವಳ ಮಡಿಲಿಗೆ, ಕೊಳವೆ ಅವನ ಬಾಯಿಗೆ. ಸೀದಾ ಬೆಂಕಿ ಊದುವವನಂತೆ ಅವನು, ಉಲ್ಟಾ ಹೆಣೆಯುವವಳಂತೆ ಇವಳು.

ಅಂಕೋಲೆಯ ಮಹಿಳಾ ಮಂಡಳದವರು ಅವಳಿಗೆ ಶಾಲು ಹೊದಿಸುತ್ತೇವೆ ಎಂದರು. ವೇದಿಕೆಯ ಮೇಲೆ ನಾಲ್ಕು ಸಾಲು ಹೆಣೆದು ತೋರಿಸಬೇಕು ಎಂದೂ ಹೇಳಿಕಳಿಸಿದ್ದರು. ಸಭೆಯ ದಿನ ಬೆಳಿಗ್ಗೆ ಗಂಗೂ ಒಲೆಯ ಮುಂದೆ ಕುಳಿತು, ಒಂದು ಕೆಂಡವನ್ನು ಹೆಕ್ಕಿ, ಬಲಗೈಯ ತೋರುಬೆರಳಿಂದ ಒತ್ತಿ ಹಿಡಿದಳು.

“ಹುಚ್ಚು ಹಿಡಿದದಾ ನಿಂಗೆ?” ಜಟ್ಟಿ ಅವಳ ಬೆರಳಿಗೆ ಅರಿವೆ ಸುತ್ತಿದ.

ಸಭೆಯಲ್ಲಿ ಅವನು ಕೊನೆಯ ಸಾಲಿನಲ್ಲಿ ಕುಳಿತು ಎಲ್ಲರಿಗಿಂತ ಹೆಚ್ಚು ಹೊತ್ತು ಚಪ್ಪಾಳೆ ತಟ್ಟಿದ. ವಾಪಸು ಬರುವಾಗ ಬಸ್ಸಿನಲ್ಲಿ, “ನಾನೇ ಹೇಳಿಬಿಡ್ತೆ ಗಂಗೂ. ನಗ್ಲಿ ಬಿಡು, ಎಷ್ಟು ದಿನ ನಗ್ತ್ರು,” ಎಂದ.

“ಹೌದು, ಹೇಳು. ಶಾಲು ವಾಪಸ್ ತಕಂಡು ಹೋಗ್ಲಿ,” ಅಂದಳು ಗಂಗೂ.

ಅವನು ಕಿಟಕಿಯ ಕಡೆ ತಿರುಗಿ ಕುಳಿತ. ಮತ್ತೆಂದೂ ಆ ಮಾತೆತ್ತಲಿಲ್ಲ. ಶಾಲು ಮೆತ್ತಗಿತ್ತು. ಅವಳಿಗೆ ಅದು ಇಷ್ಟವಾಗಿತ್ತು.

ಇವತ್ತು ಬೆಳಿಗ್ಗೆ ಅವನ ತಲೆ ಗೋಡೆಗೆ ಒರಗಿತ್ತು, ಕಡ್ಡಿಗಳು ಬೆರಳುಗಳ ನಡುವೆಯೇ ಇದ್ದವು. ಎಂದೂ ಅವನ ಹೆಸರು ಹಿಡಿದು ಕರೆಯದವಳು ಎರಡು ಸಲ “ಜಟ್ಟಿ” ಎಂದು ಕರೆದು ನೋಡಿದಳು. ಆಮೇಲೆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕಡ್ಡಿ ತೆಗೆದು, ಚೀಲದಲ್ಲಿ ಹಾಕಿ, ಕಟ್ಟಿಗೆ ಸಂದಿಗೆ ತುರುಕಿ, ಅಷ್ಟಾದ ಮೇಲೆ ಮಂಜಿಯನ್ನು ಕೂಗಿದಳು.

* * *

ಚಟ್ಟ ಎತ್ತುವ ಮುಂಚೆ ಅವನಿಗೆ ಬೇಕಾದದ್ದೇನಾದರೂ ಇಡಿ ಎಂದರು. ಕಿಶನ ಹೊಗೆಸೊಪ್ಪಿನ ಡಬ್ಬಿ ಇಟ್ಟ. ಮತ್ತೆ ಒಳಗೆ ಹೋಗಿ ಊದುಕೊಳವೆ ತಂದು ಚಿಕ್ಕಪ್ಪನ ಮಗ್ಗುಲಿಗೆ ಸಿಕ್ಕಿಸಿದ. ಯಾರೂ ಬೇಡ ಅನ್ನಲಿಲ್ಲ.

“ಅಂವ ಸುಮ್ನೆ ಕುಂತಿರ್ಲಿಲ್ಲ,” ಎಂದಳು ಗಂಗೂ.

“ಇಲ್ಲ ಗಂಗಕ್ಕ,” ಮಂಜಿ ಅವಳ ಬೆನ್ನು ಸವರಿದಳು. “ಕೊಳ್ಳಿ ನೂಕ್ತಿದ್ದ, ನಾವೇ ನೋಡಿದ್ದಲಾ.”

ಗಂಗೂ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಚಟ್ಟ ಅಂಗಳ ದಾಟಿತ್ತು. ಹೊತ್ತ ನಾಲ್ವರಲ್ಲಿ ಇಬ್ಬರು ಸ್ವೆಟರು ಹಾಕಿದ್ದರು, ಒಂದು ನೀಲಿ, ಒಂದು ಕಂದು. ಎರಡರ ಮೊಣಕೈಯನ್ನೂ ಜಟ್ಟಿ ಒಮ್ಮೆ ಬಿಚ್ಚಿ ಮತ್ತೆ ಹಾಕಿಕೊಟ್ಟಿದ್ದ.

ಹೆಂಗಸರು ಮನೆ ತೊಳೆದು ಮೀಯಲು ಹೋದರು. ದಹನ ಮುಗಿಸಿ, ಹೊಳೆಯಲ್ಲಿ ಮುಳುಗಿ ಬರುವವರಿಗೆ ಬಿಸಿನೀರು ಬೇಕು. ಗಂಗೂ ಬಚ್ಚಲ ಒಲೆಗೆ ಚಕ್ಕೆ ಇಟ್ಟಳು. ಬರೀ ಹೊಗೆ. ಊದಲು ಕೊಳವೆಯೂ ಇಲ್ಲ. ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿ ಬಾಯಲ್ಲೇ ಊದಿದಳು. ಕಣ್ಣು, ಮೂಗು ಎಲ್ಲ ನೀರಾದ ಮೇಲೆ ಬೆಂಕಿ ಹತ್ತಿತು.

ತನ್ನ ಜಾಗದಲ್ಲಿ ಅವಳು ಕುಳಿತಳು. ಎದುರಿಗೆ ಹಂಡೆಯ ಹತ್ತಿರ ಅವನ ಮಣೆ. ಚೀಲದಿಂದ ಹಳದಿ ತುಂಡು ತೆಗೆದಳು. ಇನ್ನು ಉಳಿದಿರುವುದು ಬೆನ್ನಿನ ಅರ್ಧ, ಎದೆಯ ಭಾಗ, ಎರಡು ತೋಳು. ಮೂವತ್ತು ವರ್ಷ ಎದುರಿಗೇ ಕುಳಿತು ನೋಡಿದ್ದಾಳೆ, ಒಂದು ಸಾಲಾದರೂ ಬಂದೀತು. ಕಡ್ಡಿ ತೂರಿಸಿದಳು, ನೂಲು ಸುತ್ತಿದಳು, ಎಳೆದಳು. ಮೂರು ಕುಣಿಕೆ ಕಡ್ಡಿಯಿಂದ ಜಾರಿದವು. ಹಿಡಿಯಹೋದರೆ ಇನ್ನೆರಡು.

ಅಂಗಳದಲ್ಲಿ ಹೆಜ್ಜೆ ಸಪ್ಪಳ. ನಾಯಿ ಬೊಗಳಿತು.

ಅವಳ ಕೈ ತಾನಾಗಿ ಕಡ್ಡಿಗಳನ್ನು ಮಡಿಲಿಗೆಳೆದು, ಬೆರಳಾಡಿಸತೊಡಗಿತು. ಬೆರಳ ತುದಿಯ ಸುಟ್ಟ ಕಲೆ ಬೆಂಕಿಯ ಬೆಳಕಿಗೆ ಹೊಳೆಯಿತು. ಗಂಗೂ ಅದನ್ನು ನೋಡಿದಳು. ಕೈ ನಿಲ್ಲಿಸಿ, ಮುಂದಕ್ಕೆ ಬಗ್ಗಿ, ತುಂಡನ್ನೂ ಕಡ್ಡಿಯನ್ನೂ ಉಂಡೆಯನ್ನೂ ಅವನ ಮಣೆಯ ಮೇಲೆ ಇಟ್ಟಳು.

ಬಾಗಿಲಲ್ಲಿ ಮಂಜಿ, ಅವಳ ಹಿಂದೆ ಒದ್ದೆ ಪಂಚೆಯಲ್ಲಿ ನಡುಗುತ್ತ ಕಿಶನ.

“ಇವತ್ತೇ ಹೆಣಿಯೂಕೆ ಕುಂತ್ಯಾ ಗಂಗಕ್ಕ? ನಾ ಹೇಳ್ದೆ ಅಂತ ಅವಸರ ಮಾಡೂದಾ?”

“ನಂಗೆ ಬರೂದಿಲ್ಲ ಮಂಜಿ.”

“ಎಂತದು?”

“ಹೆಣಿಯೂಕೆ. ಯಾವತ್ತೂ ಬರ್ಲಿಲ್ಲ.”

ಮಂಜಿ ಅವಳನ್ನು ನೋಡಿದಳು, ಮಣೆಯನ್ನು ನೋಡಿದಳು. ತಾನು ಮೈಗೆ ಬಿಗಿಯಾಗಿ ಎಳೆದುಕೊಂಡಿದ್ದ ಹಸಿರು ಸ್ವೆಟರನ್ನೂ ನೋಡಿಕೊಂಡಳು. ಕಿಶನನ ತುಟಿ ಸದ್ದಿಲ್ಲದೆ ಅಲುಗಿತು. ಸೀದಾ. ಸೀದಾ. ಉಲ್ಟಾ.

“ನೀರು ಕಾದದೆ, ಮೀಯ್ಕ ಬಾ,” ಎಂದಳು ಗಂಗೂ.

ಬಚ್ಚಲು ಇಕ್ಕಟ್ಟು. ಹಂಡೆಗೆ ಹೋಗುವ ದಾರಿಗೆ ಮಣೆ ಅಡ್ಡವಿತ್ತು. ಕಿಶನ ಅದನ್ನು ಸರಿಸಲಿಲ್ಲ, ದಾಟಲೂ ಇಲ್ಲ. ಒದ್ದೆ ಪಂಚೆಯ ನೀರು ಸಿಡಿಯದಂತೆ ಎರಡು ಕೈಯಲ್ಲಿ ಎತ್ತಿಹಿಡಿದು, ಗೋಡೆಗೆ ಬೆನ್ನು ಉಜ್ಜಿಕೊಂಡು, ಅಲ್ಲಿ ಯಾರೋ ತಲೆ ಬಗ್ಗಿಸಿ ಕುಳಿತು ಎಣಿಸುತ್ತಿದ್ದಾರೆ ಎಂಬಂತೆ ಮಣೆಯನ್ನು ಸುತ್ತಿಹಾಕಿ ಹೋದ.