ಆಪರೇಷನ್ನಿಗೆ ಮುಂಚಿನ ಪ್ರಶ್ನೆ

ಗರ್ಭಕೋಶ ತೆಗೆಸಿಕೊಳ್ಳಲು ಕೋಕಿಲಾ ರಾಜಾಜಿನಗರದ ನರ್ಸಿಂಗ್ ಹೋಮಿಗೆ ಸೇರಿದ್ದು ಎಪ್ಪತ್ತಾರನೇ ಇಸವಿಯ ಆಷಾಢದಲ್ಲಿ. ಆರು ತಿಂಗಳಿಂದ ಮುಟ್ಟು ನಿಲ್ಲದೆ ಬಿಳಿಚಿಕೊಂಡಿದ್ದಳು. ಮಾರನೆಯ ಬೆಳಿಗ್ಗೆ ಆಪರೇಷನ್. ಮಧ್ಯಾಹ್ನ ಅರಿವಳಿಕೆ ಕೊಡುವ ಡಾಕ್ಟರ್ ಪಂಚಾಕ್ಷರಿ ಬಂದು ಎದೆಗೆ ಸ್ಟೆತಾಸ್ಕೋಪ್ ಇಟ್ಟವರು ತೆಗೆಯಲೇ ಇಲ್ಲ. ಎಡಮಗ್ಗುಲಿಗೆ ತಿರುಗಿಸಿ ಮತ್ತೆ ಕೇಳಿಸಿಕೊಂಡರು.

"ಚಿಕ್ಕವರಿದ್ದಾಗ ಕೀಲು ಊದ್ಕೊಂಡು ಜ್ವರ ಬಂದಿತ್ತೇನಮ್ಮಾ?"

ಗಂಡ ಜಗನ್ನಾಥ ಕಾಲ ದೆಸೆಯಲ್ಲಿ ನಿಂತಿದ್ದ. ಇಲ್ಲ ಎಂದಳು. ಮದುವೆಯಾದ ಹತ್ತೊಂಬತ್ತು ವರ್ಷದಿಂದ ರೂಢಿಯಾದ ಉತ್ತರ.

ಬಂದಿತ್ತು, ಹನ್ನೆರಡನೆಯ ವಯಸ್ಸಿನಲ್ಲಿ. ಮಂಡಿಯ ಊತ ಇಳಿಯಿತೆಂದರೆ ಮೊಣಕೈ ಊದುತ್ತಿತ್ತು. ಜ್ವರ ಹಾರ್ಟಿಗೂ ತಗಲಿದೆ, ಗುಣವಾದ ಮೇಲೂ ತಿಂಗಳಿಗೊಂದು ಪೆನ್ಸಿಲಿನ್ ಇಂಜೆಕ್ಷನ್ ತಪ್ಪಿಸಬಾರದೆಂದು ಆಗಿನ ಡಾಕ್ಟರು ಹೇಳಿದ್ದರು. ಹೆಣ್ಣು ನೋಡಲು ಬಂದವರು ಒಪ್ಪಿಕೊಂಡ ವಾರವೇ ಅಮ್ಮ ಅದನ್ನು ನಿಲ್ಲಿಸಿದಳು. ಹಾರ್ಟು ಕೆಟ್ಟ ಹುಡುಗಿಯನ್ನು ಯಾರು ಮಾಡಿಕೊಳ್ಳುತ್ತಾರೆ? ಮದುವೆಯಾದ ಮೇಲೆ ಮೆಟ್ಟಿಲು ಹತ್ತುವಾಗ ಉಸಿರು ಕಟ್ಟಿದರೆ ಕೋಕಿಲಾ ನೆರಿಗೆ ಸರಿಮಾಡುವವಳಂತೆ ನಿಲ್ಲುತ್ತಿದ್ದಳು. ಮಗಳು ವತ್ಸಲಾ ಹುಟ್ಟುವಾಗ ಬಂದ ಏದುಸಿರನ್ನು ಎಲ್ಲರೂ ರಕ್ತ ಸಾಲದ್ದಕ್ಕೆ ಎಂದುಕೊಂಡರು. ಅವಳೂ ಹೂಂಗುಟ್ಟಿದ್ದಳು.

ಜಗನ್ನಾಥ ಫ್ಲಾಸ್ಕಿಗೆ ಕಾಫಿ ತರಲು ಹೋಗುವವರೆಗೂ ಡಾಕ್ಟರು ಕಾದರು.

"ಹೃದಯದೊಳಗೆ ಒಂದು ಕವಾಟ ಕಿರಿದಾಗಿರೋ ಹಾಗೆ ಕೇಳಿಸ್ತಿದೆಯಮ್ಮಾ. ಮುಂಚೇನೇ ಗೊತ್ತಿದ್ರೆ ಅದಕ್ಕೆ ತಕ್ಕ ಹಾಗೆ ಔಷಧಿ ಕೊಡ್ತೀನಿ, ಗ್ಲೂಕೋಸ್ ನೀರು ಅಳೆದು ಬಿಡ್ತೀನಿ. ಗೊತ್ತಿಲ್ದೆ ಕೊಟ್ರೆ ಟೇಬಲ್ ಮೇಲೇ ಪ್ರಾಣ ಹೋಗಬಹುದು."

ಆಗ ಹೇಳಿದಳು. ಆಪರೇಷನ್ ಹತ್ತು ದಿನ ಮುಂದಕ್ಕೆ ಹೋಯಿತು. ಹೃದಯದ ಡಾಕ್ಟರು ನೋಡಬೇಕು, ನಾಡಿ ನಿಧಾನವಾಗಬೇಕು, ಊಟದಲ್ಲಿ ಉಪ್ಪು ಕಡಿಮೆಯಾಗಬೇಕು, ಕವಾಟಕ್ಕೆ ನಂಜಾಗದಂತೆ ಪೆನ್ಸಿಲಿನ್ ಕೊಡಬೇಕು. ಯಜಮಾನರು ಎಲ್ಲ ತಿಳಿದೇ ಸಹಿ ಹಾಕಬೇಕು ಎಂದರು. ತಾನೇ ಹೇಳುತ್ತೇನೆಂದಳು.

ಜಗನ್ನಾಥ ಬಂದು ಕಾಫಿ ಬಗ್ಗಿಸಿದ. ಅವಳು ಲೋಟ ನೋಡುತ್ತಲೇ ಎಲ್ಲವನ್ನೂ ಹೇಳಿದಳು. ಅವನು ಕೂಗಾಡುತ್ತಾನೆ, ಸತ್ತ ಅಮ್ಮನನ್ನು ಬೈಯುತ್ತಾನೆ ಎಂದುಕೊಂಡಿದ್ದಳು. ಅವನು ಎದ್ದು ಬಾಗಿಲು ಮುಂದೆ ಮಾಡಿ ಬಂದ.

"ಇನ್ಯಾರಿಗಾದ್ರೂ ಹೇಳಿದೀಯಾ?"

"ಡಾಕ್ಟರಿಗೆ ಅಷ್ಟೇ."

"ಶ್ರಾವಣದಲ್ಲಿ ಗೋವಿಂದರಾಜನಗರದೋರು ವತ್ಸಲಾನ ನೋಡೋಕೆ ಬರ್ತಾರೆ. ಗರ್ಭಕೋಶದ ಆಪರೇಷನ್ ಅಂತಷ್ಟೇ ಹೇಳು. ಹಾರ್ಟಿನ ವಿಷಯ ಎತ್ಬೇಡ."

"ಇದು ತಾಯಿಯಿಂದ ಮಕ್ಕಳಿಗೆ ಬರೋ ಕಾಯಿಲೆ ಅಲ್ವಂತೆ ಕಣ್ರೀ."

"ಅದನ್ನ ಅವ್ರಿಗೆ ಯಾರು ಹೇಳ್ತಾ ಕೂತ್ಕೋತಾರೆ? ಅವಳಿಗೂ ಹೇಳ್ಬೇಡ."

ಕೋಕಿಲಾ ತಲೆಯಾಡಿಸಿದಳು. ಅವನು ಆಪರೇಷನ್ನಿನ ಒಪ್ಪಿಗೆ ಕಾಗದವನ್ನು ಎರಡು ಸಲ ಓದಿ, ಸಹಿ ಹಾಕಿ, ಕೆಳಗೆ ತಾರೀಖು ಬರೆದ. ಇಷ್ಟು ವರ್ಷ ಹೇಗೆ ತಡೆದುಕೊಂಡೆ ಎಂದು ಕೇಳಬಹುದೇನೋ ಎಂದು ಅವಳು ಕಾಯುತ್ತಿದ್ದಳು. ಊಟಕ್ಕೆ ಏನು ಕಳಿಸಲಿ ಎಂದು ಕೇಳಿದ.

"ಉಪ್ಪು ಕಡಿಮೆ ಹಾಕೋಕೆ ಹೇಳಿ," ಎಂದಳು.

ಯಾಕೆ ಎಂದು ವತ್ಸಲಾ ಕೇಳಿದರೆ ಏನು ಹೇಳುವುದೆಂದು ಅವನು ಬಾಗಿಲಲ್ಲಿ ನಿಂತು ಯೋಚಿಸತೊಡಗಿದ.