ವೆಂಡೆಲ್ ಗೇನ್ಸ್ ಎಂಥ ಆಳು

ಗೆಲ್ಲುವುದನ್ನು ಕಲಿಸುವವನನ್ನು ಗುರು ಎನ್ನುತ್ತಾರೆ. ಕೈಲಾಗದವನ ಹಾಗೆ ಕಾಣುವುದನ್ನು ಕಲಿಸುವವನನ್ನು ಏನನ್ನಬೇಕೋ ಎಜ್ರಾ ಪ್ರೂಯಿಟ್‌ಗೆ ಗೊತ್ತಿರಲಿಲ್ಲ. ಮೂರು ವಾರದಿಂದ ಅವನು ಅದೇ ಕೆಲಸ ಮಾಡುತ್ತಿದ್ದ.

"ಬಲಗೈ ಕೆಳಗೆ ಬಿಡೋ. ಇನ್ನೂ ಕೆಳಗೆ. ಹೊಡೆದಾದ ಮೇಲೆ ಬಾಯಿ ತೆರೆದು ಏದುಸಿರು ಬಿಡು, ಮೆಟ್ಟಿಲು ಹತ್ತಿದ ಮುದುಕಿ ಥರ."

"ಕೈ ಕೇಳ್ತಾ ಇಲ್ಲ ಗುರುವೇ," ಎಂದ ರಾಸ್ಕೋ ಲೈಲ್. "ಹತ್ತು ವರ್ಷ ಎತ್ತು ಎತ್ತು ಅಂತ ನೀನೇ ಬಡಿದಿದೀಯ. ಈಗ ಇಳಿಸು ಅಂದ್ರೆ?"

"ಇಳಿಸದಿದ್ರೆ ನಿನ್ನ ಹಣೆಬರಹ ಇಳಿಯುತ್ತೆ. ಇಳಿಸು."

ಕ್ಲೀವ್‌ಲ್ಯಾಂಡಿನ ಸೀಡರ್ ಅವೆನ್ಯೂದಲ್ಲಿ ಬಟ್ಟೆ ಒಗೆಯುವ ಅಂಗಡಿಯ ಮೇಲಿನ ಮಹಡಿಯೇ ಎಜ್ರಾನ ಬಾಕ್ಸಿಂಗ್ ಗರಡಿ. ಅದು ಐವತ್ತೊಂದನೇ ಇಸವಿಯ ಜೂನ್ ತಿಂಗಳು. ಕೆಳಗಿನ ಬಿಸಿ ಹಬೆ ಹಲಗೆಯ ಸಂದಿಯಿಂದ ಮೇಲೆ ಬಂದು, ಸುಮ್ಮನೆ ನಿಂತವನಿಗೂ ಬೆವರಿಳಿಯುತ್ತಿತ್ತು. ಚಾಂಪಿಯನ್ನನ ಮ್ಯಾನೇಜರ್ ಹಾಲೊರನ್ ಆ ಮಧ್ಯಾಹ್ನ ರಾಸ್ಕೋನನ್ನು ನೋಡಲು ಬರುವವನಿದ್ದ. ಸೆಪ್ಟೆಂಬರಿನಲ್ಲಿ ಪಟ್ಟದ ಪಂದ್ಯ. ಚಾಂಪಿಯನ್ನನಿಗೆ ಎದುರಾಳಿ ಬೇಕಾಗಿತ್ತು. ಹೆಸರಿರುವವನು ಬೇಕು, ಇಲ್ಲದಿದ್ದರೆ ಜನ ಬರುವುದಿಲ್ಲ. ಅಪಾಯವಿಲ್ಲದವನೂ ಬೇಕು, ಇಲ್ಲದಿದ್ದರೆ ಪಟ್ಟ ಉಳಿಯುವುದಿಲ್ಲ. ರಾಸ್ಕೋಗೆ ಹೆಸರಿತ್ತು. ಅವನಲ್ಲಿ ಅಪಾಯವೂ ಇತ್ತು. ಅದನ್ನು ಒಂದು ಮಧ್ಯಾಹ್ನದ ಮಟ್ಟಿಗೆ ಬಚ್ಚಿಡಬೇಕಿತ್ತು.

ರಾಸ್ಕೋನ ಹತ್ತು ವರ್ಷದ ದುಡಿಮೆಯನ್ನು ಪತ್ರಿಕೆಯವರು ಒಂದೇ ಸಾಲಿನಲ್ಲಿ ಮುಗಿಸುತ್ತಿದ್ದರು: ಗೆದ್ದದ್ದೇನೋ ಬಹಳ, ಆದರೆ ಯಾರ ಮೇಲೆ? ಅದನ್ನು ಓದಿದಾಗಲೆಲ್ಲ ಎಜ್ರಾನ ಪಿತ್ತ ನೆತ್ತಿಗೇರುತ್ತಿತ್ತು. ಯಾರ ಮೇಲೆ ಎಂದರೆ, ಯಾರು ರಿಂಗಿಗೆ ಹತ್ತುವ ಧೈರ್ಯ ಮಾಡಿದರೋ ಅವರ ಮೇಲೆ. ಹೆಸರಾಂತ ಬಿಳಿಯರು ರಾಸ್ಕೋನ ಹೆಸರು ಕೇಳಿದರೆ ಸಾಕು, ಕೈ ಉಳುಕಿದೆ, ಬೆನ್ನು ಹಿಡಿದಿದೆ ಎಂದು ಜಾರಿಕೊಳ್ಳುತ್ತಿದ್ದರು. ಹಾಗಾಗಿ ಅದೇ ನಾಲ್ಕೈದು ಕರಿಯ ಆಳುಗಳು ಊರೂರು ತಿರುಗಿ ತಮ್ಮತಮ್ಮಲ್ಲೇ ಬಡಿದಾಡಿಕೊಳ್ಳಬೇಕಿತ್ತು. ಎಡಚ ಟಿಬ್ಸ್ ಜೊತೆ ರಾಸ್ಕೋ ನಾಲ್ಕು ಸಲ ಆಡಿದ್ದ. ಹಾಲಿಸ್ ಮೇಬ್ರಿ ಎಂಬವನ ಜೊತೆ ಎರಡು ಸಲ. ಆ ಹಾಲಿಸನ ದವಡೆಗೆ ಹೊಡೆದು ಬೆರಳು ಮುರಿದುಕೊಂಡವರಿದ್ದರು. ವೆಂಡೆಲ್ ಗೇನ್ಸ್ ಜೊತೆ ಮೂರು ಸಲ. ಈ ಕಸುಬಿನಲ್ಲಿ ಒಳ್ಳೆಯವನನ್ನು ಸೋಲಿಸಿದರೆ ಮುಂದಿನ ಬಾಗಿಲು ತೆರೆಯುವುದಿಲ್ಲ, ಇರುವ ಬಾಗಿಲೂ ಮುಚ್ಚುತ್ತದೆ.

ರಾಸ್ಕೋನ ಹುಳುಕೂ ಎಜ್ರಾನಿಗೆ ಗೊತ್ತಿತ್ತು. ಮೊದಲ ಮೂರು ರೌಂಡು ಅವನು ನಿದ್ದೆಯಿಂದ ಎದ್ದವನ ಹಾಗೆ ಆಡುತ್ತಿದ್ದ. ಮೇಲಿನಿಂದ ಬರುವ ಬಲಗೈ ಏಟು ಅವನಿಗೆ ಕಾಣುತ್ತಲೇ ಇರಲಿಲ್ಲ. ಆದರೆ ನಾಲ್ಕನೇ ರೌಂಡಿಗೆ ಮೈ ಕಾದರೆ ಅವನನ್ನು ತಡೆಯುವವನು ದೇಶದಲ್ಲಿರಲಿಲ್ಲ. ಈಗ ಅವನಿಗೆ ಮೂವತ್ತಮೂರು. ಹುಬ್ಬಿನ ಚರ್ಮ ಏಟು ತಿಂದು ತಿಂದು ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿತ್ತು. ಈ ಸೆಪ್ಟೆಂಬರ್ ತಪ್ಪಿದರೆ ಮತ್ತೆ ಸೆಪ್ಟೆಂಬರ್ ಇಲ್ಲ.

ವೆಂಡೆಲ್ ಗೇನ್ಸ್ ಕುಲುಮೆಯ ಕೆಲಸ ಮುಗಿಸಿ, ಕಾಗದದಲ್ಲಿ ಸುತ್ತಿದ ಕರಿದ ಮೀನನ್ನು ತಿನ್ನುತ್ತಲೇ ಬಂದ. ಆಡುವುದನ್ನು ಬಿಟ್ಟು ಮೂರು ವರ್ಷವಾಗಿತ್ತು. ಹೊಟ್ಟೆ ಬಂದಿತ್ತು, ತಲೆ ನರೆತಿತ್ತು. ರಾಸ್ಕೋನ ಅಭ್ಯಾಸಕ್ಕೆ ಎದುರು ನಿಲ್ಲುವುದಕ್ಕೆಂದು ವಾರದಲ್ಲಿ ಎರಡು ದಿನ ಬರುತ್ತಿದ್ದ.

"ಇವತ್ತು ನಾನು ಹೊಡೀಬೇಕು, ಇವನು ತಿನ್ನಬೇಕು, ಅಷ್ಟೇ ತಾನೆ?" ಎಂದ ವೆಂಡೆಲ್, ಬೆರಳು ನೆಕ್ಕುತ್ತ. "ಇಂಥ ಕೆಲಸಕ್ಕೆ ಮೊದಲೇ ಕರೀಬಾರದಿತ್ತಾ?"

"ಹೊಟ್ಟೆ ನೋಡ್ಕೊಳೋ," ಎಂದ ರಾಸ್ಕೋ. "ನಿನಗಿಂತ ಮೊದಲು ಅದೇ ರಿಂಗ್ ಒಳಗೆ ಹೋಗುತ್ತೆ."

"ಹೋಗ್ಲಿ ಬಿಡು. ಇವತ್ತು ಅದೂ ನಿನ್ನನ್ನ ಹೊಡೆಯುತ್ತೆ."

ಎಜ್ರಾ ನಗಲಿಲ್ಲ. ಮೆಟ್ಟಿಲ ಮೇಲೆ ಬೂಟಿನ ಸದ್ದಾಗಿತ್ತು.

ಹಾಲೊರನ್ ಒಳಗೆ ಬಂದವನೇ ಟೊಪ್ಪಿಗೆಯಿಂದ ಗಾಳಿ ಬೀಸಿಕೊಂಡ. ಯಾರ ಕೈಯನ್ನೂ ಕುಲುಕಲಿಲ್ಲ. "ಶುರು ಮಾಡಪ್ಪ ಎಜ್ರಾ. ಈ ಹಬೇಲಿ ಹೆಚ್ಚು ಹೊತ್ತು ನಿಂತ್ರೆ ನಾನೇ ಬೆಂದು ಹೋಗ್ತೀನಿ."

ಗಂಟೆ ಹೊಡೆಯಿತು. ಮೊದಲ ರೌಂಡು ಹೇಳಿಕೊಟ್ಟಂತೆಯೇ ನಡೆಯಿತು. ವೆಂಡೆಲ್ ಹೊಡೆದ, ರಾಸ್ಕೋ ತಿಂದ. ರಾಸ್ಕೋನ ಬಲಗೈ ಸೊಂಟದವರೆಗೆ ಇಳಿದಿತ್ತು, ಬಾಯಿ ತೆರೆದಿತ್ತು. ಹಾಲೊರನ್ನನ ತುಟಿಯಲ್ಲಿ ಸಣ್ಣ ನಗು ಕಂಡಿತು. ಎಜ್ರಾ ಹಗ್ಗ ಹಿಡಿದು ನಿಂತಿದ್ದ. ತನ್ನ ಕೈಯಾರೆ ಮಾಡಿದ ಗೊಂಬೆಯನ್ನು ತಾನೇ ಒಡೆಯುತ್ತಿರುವಂತೆ ಅವನಿಗೆ ಅನಿಸಿತು.

ಎರಡನೇ ರೌಂಡಿನ ನಡುವೆ ಎಡವಟ್ಟಾಯಿತು. ವೆಂಡೆಲ್ ಸ್ವಲ್ಪ ಹೆಚ್ಚೇ ಮುಂದೆ ಬಾಗಿದ. ರಾಸ್ಕೋನ ಎಡಗೈ, ಯಾರ ಮಾತನ್ನೂ ಕೇಳದೆ, ಹಾವಿನ ಹಾಗೆ ಬಳುಕಿ ಅವನ ದವಡೆಗೆ ಬಡಿಯಿತು. ವೆಂಡೆಲನ ಮೊಣಕಾಲು ಸಡಿಲವಾದವು. ಹಾಲೊರನ್ ಬೀಸುತ್ತಿದ್ದ ಟೊಪ್ಪಿಗೆ ನಿಂತಿತು.

ವೆಂಡೆಲ್ ಬೀಳುತ್ತಲೇ ಕಾಲನ್ನು ಮುಂದಕ್ಕೆ ಜಾರಿಸಿದ. ಅಂಡೂರಿ ಕೂತು, ನೆಲ ನೋಡಿ ಬಯ್ದ. "ಯಾವನೋ ಇಲ್ಲಿ ನೀರು ಚೆಲ್ಲಿದೋನು? ನನ್ನ ಸೊಂಟ ಮುರೀಬೇಕಂತಲಾ?"

"ನೆಲ ಒರೆಸೋಕೆ ಹೇಳಿದ್ನಲ್ಲ ರಾಸ್ಕೋ," ಎಂದು ಎಜ್ರಾ ಗದರಿದ. "ಹೊಡೆಯೋಕಂತೂ ಬರಲ್ಲ, ಒರೆಸೋಕೂ ಬರಲ್ವಾ?" ಒಣಗಿದ ನೆಲದ ಮೇಲೆ ಟವೆಲು ಎಸೆದು ಉಜ್ಜಿದ.

ರೌಂಡು ಮುಗಿಯಿತು. ಹಾಲೊರನ್ ರಿಂಗಿನ ಹತ್ತಿರ ಬಂದ.

"ಪರವಾಗಿಲ್ಲ. ವಯಸ್ಸಾಗಿದೆ, ಕೈ ಇಳಿದಿದೆ. ಪೋಸ್ಟರಿಗೆ ಹೆಸರು ಸಾಕು." ಅವನು ಕತ್ತಿನ ಬೆವರು ಒರೆಸಿಕೊಂಡ. "ಆದ್ರೆ ಒಂದು ಮಾತು ಗಂಟಲಲ್ಲಿ ಸಿಕ್ಕಿಕೊಂಡಿದೆ, ಎಜ್ರಾ. ಟೊಲೆಡೊ. ಆ ಊರಿನ ಪಂದ್ಯದಲ್ಲಿ ಇವನು ಎರಡು ಸಲ ಬಿದ್ದು ಎದ್ದನಂತೆ. ಕೊನೇ ರೌಂಡಲ್ಲಿ ಎದುರಿನವನನ್ನ ಮಲಗಿಸಿದನಂತೆ. ಬಿದ್ದು ಎದ್ದು ಬರೋರನ್ನ ಕಂಡ್ರೆ ನಂಗಾಗಲ್ಲ."

"ಹಳೇ ಕಥೆ ಸಾಹೇಬ್ರೆ."

"ಎದುರಿಗಿದ್ದೋನು ಗೇನ್ಸ್ ಅಂತೆ. ಆ ಗೇನ್ಸ್ ಎಂಥ ಆಳು? ಅವನು ಗಟ್ಟಿ ಕಾಳಾಗಿದ್ರೆ ಇವನು ನಂಗೆ ಬೇಡ, ಬಫಲೋದಲ್ಲಿ ಇನ್ನೊಬ್ಬ ಇದಾನೆ. ಅವನು ಜೊಳ್ಳಾಗಿದ್ರೆ ಇವತ್ತೇ ಮಾತು ಮುಗಿಸೋಣ."

ಗೇನ್ಸ್ ಎರಡು ಮಾರು ದೂರದಲ್ಲಿ ಹಲ್ಲಿನಿಂದ ಗ್ಲೌಸಿನ ದಾರ ಬಿಚ್ಚಿಕೊಳ್ಳುತ್ತಿದ್ದ. ಹಾಲೊರನ್ ಅವನನ್ನು ಗುರುತಿಸಲಿಲ್ಲ. ಗುರುತಿಸುವುದಾದರೂ ಹೇಗೆ? ಇವರ ಪಂದ್ಯಗಳಿಗೆ ಅಂಥವರು ಬರುತ್ತಿರಲಿಲ್ಲ. ಬಾರದೆಯೇ ತೀರ್ಪು ಕೊಡುತ್ತಿದ್ದರು.

ಎಜ್ರಾ ಟೊಲೆಡೊದಲ್ಲಿ ಇದ್ದ. ಆರನೇ ರೌಂಡಿನಲ್ಲಿ ವೆಂಡೆಲನ ಪಕ್ಕೆಲುಬು ಮುರಿದದ್ದು ಅವನ ಕಿವಿಗೇ ಕೇಳಿಸಿತ್ತು. ಮುರಿದ ಪಕ್ಕೆಲುಬಿನಲ್ಲೇ ವೆಂಡೆಲ್ ಇನ್ನೂ ನಾಲ್ಕು ರೌಂಡು ನಿಂತ. ಆಮೇಲೆ ಒಂದು ವಾರ ರಕ್ತ ಉಚ್ಚೆ ಹೊಯ್ದ. ರಾಸ್ಕೋ ಆ ರಾತ್ರಿ ಅತ್ತಿದ್ದ, ಗೆದ್ದವನು. ಅಂಥ ಆಟವನ್ನು ಎಜ್ರಾ ಹಿಂದೆ ನೋಡಿರಲಿಲ್ಲ, ಮುಂದೆ ನೋಡುವ ಆಸೆಯೂ ಇರಲಿಲ್ಲ.

ಜೊಳ್ಳು ಎನ್ನಬೇಕಿತ್ತು. ಒಂದು ಮಾತು. ಎಜ್ರಾನ ನಾಲಿಗೆಯಲ್ಲಿ ಬೇರೆಯೇ ಮಾತುಗಳು ಕುದಿಯುತ್ತಿದ್ದವು. ನಿನ್ನ ಚಾಂಪಿಯನ್ನನನ್ನು ಕರೆದುಕೊಂಡು ಬಾ, ಈ ಹೊಟ್ಟೆಯವನ ಜೊತೆ ಇವತ್ತೇ ನಾಲ್ಕು ರೌಂಡು ಆಡಿಸು, ಆಮೇಲೆ ಕೇಳು. ಅವನು ಬಾಯಿ ತೆರೆದ. "ಸಾಹೇಬ್ರೆ, ಗೇನ್ಸ್ ಅಂದ್ರೆ..."

"ಅವನನ್ಯಾಕೆ ಕೇಳ್ತೀರ, ನನ್ನೇ ಕೇಳಿ," ಎಂದ ವೆಂಡೆಲ್. "ಆ ಗೇನ್ಸ್ ನಾನೇ."

ಹಾಲೊರನ್ ತಿರುಗಿ ನೋಡಿದ. ವೆಂಡೆಲ್ ಹೊಟ್ಟೆಯನ್ನು ಪೂರ್ತಿ ಸಡಿಲ ಬಿಟ್ಟು ನಿಂತಿದ್ದ.

"ನೀನಾ?"

"ನಾನೇ. ಟೊಲೆಡೊಗೆ ಇಡೀ ರಾತ್ರಿ ರೈಲಲ್ಲಿ ನಿಂತ್ಕೊಂಡು ಬಂದಿದ್ದೆ. ಜೊತೆಗೊಂದು ವಿಸ್ಕಿ ಸೀಸೆ ಇತ್ತು, ಊರು ಬರೋ ಹೊತ್ತಿಗೆ ಅದೂ ಖಾಲಿ. ರಿಂಗಲ್ಲಿ ಇಬ್ಬಿಬ್ರು ರಾಸ್ಕೋ ಕಾಣ್ತಿದ್ರು. ಇಲ್ಲದೇ ಇರೋನಿಗೇ ಹೆಚ್ಚು ಹೊಡೆದೆ."

"ಆದ್ರೂ ಎರಡು ಸಲ ಬೀಳಿಸಿದೀಯಲ್ಲ?"

"ಒಂದು ಸಲ ಅವನ ಕಾಲು ಅವನಿಗೇ ತೊಡರಿತು. ಇನ್ನೊಂದು ಸಲ ನಾನೇ ಅವನ ಮೇಲೆ ಬಿದ್ದೆ."

ಹಾಲೊರನ್ ನಕ್ಕ. ಹೊಟ್ಟೆ ಕುಲುಕುವಷ್ಟು ನಕ್ಕ. ಈ ಮುದಿ ಕೋಣ ಈಗ ತಾನೇ ರಾಸ್ಕೋನನ್ನು ಬಡಿದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಆದರೂ ಅವನು ಕಸುಬು ಬಲ್ಲವನು. ನಗು ಮುಗಿಸಿ ರಾಸ್ಕೋನ ಕಡೆ ತಿರುಗಿದ. "ಹೌದೇನೋ?"

ಇಳಿಬಿಟ್ಟಿದ್ದ ರಾಸ್ಕೋನ ಬಲಗೈ ಮೆಲ್ಲಗೆ ಮೇಲೇಳುತ್ತಿತ್ತು. ಅವನಿಗೇ ಅದು ಗೊತ್ತಿರಲಿಲ್ಲ. ಎಜ್ರಾಗೆ ಕಂಡಿತು. ಇನ್ನೊಂದು ಗಳಿಗೆ ಕಳೆದರೆ ಹಾಲೊರನ್ನನಿಗೂ ಕಾಣುತ್ತಿತ್ತು.

"ಹೇಳೋ," ಎಂದ ವೆಂಡೆಲ್. ದನಿಯಲ್ಲಿ ತಮಾಷೆಯಿತ್ತು, ಕಣ್ಣಲ್ಲಿರಲಿಲ್ಲ. "ನಾಚಿಕೆ ಯಾಕೆ? ಸತ್ತ ಹಾವು ಹೊಡೆದು ಇಷ್ಟು ದಿನ ಮೀಸೆ ತಿರುವಿದ್ದು ಸಾಕು. ಹೇಳು."

"ಹೌದು," ಎಂದ ರಾಸ್ಕೋ.

"ಏನು ಹೌದು?"

"ಅವನು... ಅಂಥ ಆಳೇನಲ್ಲ."

ಹಾಲೊರನ್ ಟೊಪ್ಪಿಗೆ ಹಾಕಿಕೊಂಡ. ಈಗ ಕೈ ಕುಲುಕಿದ, ಮೊದಲು ಎಜ್ರಾನದು, ಆಮೇಲೆ ರಾಸ್ಕೋನ ಗ್ಲೌಸು. ಸೋಮವಾರ ವಕೀಲರು ಬರುತ್ತಾರೆ ಎಂದ. ಹೋಗುವಾಗ ವೆಂಡೆಲನ ಹೊಟ್ಟೆಯನ್ನು ಬೆರಳಿನಿಂದ ತಿವಿದ. ವೆಂಡೆಲ್ ಹಲ್ಲು ಬಿಟ್ಟ.

ಬೂಟಿನ ಸದ್ದು ಕೆಳಗಿಳಿಯಿತು. ಬೀದಿಯಲ್ಲಿ ಕಾರು ಹೊರಟಿತು. ಎಜ್ರಾ ಮೂಲೆಯ ಬಕೆಟ್ಟಿಗೆ ಕಾಲಿನಿಂದ ಒದ್ದ ಏಟಿಗೆ ಅದು ಗೋಡೆಗೆ ಬಡಿದು, ನಿಜವಾಗಿಯೂ ನೀರು ಚೆಲ್ಲಿತು.

"ಯಾಕೋ ಹಂಗಂದೆ?" ಎಂದು ವೆಂಡೆಲನ ಮೇಲೆ ಹರಿಹಾಯ್ದ. "ನಿನ್ನನ್ನ ಯಾವನು ಕೇಳಿದ? ನಾನೇ ಅಂತಿದ್ದೆ."

"ನೀನು ಏನಂತಿದ್ದೆ ಅಂತ ನಿನ್ನ ಮುಖದ ಮೇಲೇ ಬರೆದಿತ್ತು ಗುರುವೇ. ಅದಕ್ಕೇ ಬಾಯಿ ಹಾಕಿದೆ."

ರಾಸ್ಕೋ ಹಗ್ಗದ ಮೇಲೆ ತಲೆಯಿಟ್ಟು ನಿಂತಿದ್ದ. "ಕ್ಷಮಿಸಪ್ಪ" ಎಂದನೋ ಏನೋ.

"ಕ್ಷಮಿಸೋ ಮಾತು ಸೆಪ್ಟೆಂಬರಿಗೆ ಇಟ್ಕೋ," ಎಂದ ವೆಂಡೆಲ್. ಈಗ ಅವನ ದನಿಯಲ್ಲೂ ತಮಾಷೆಯಿರಲಿಲ್ಲ. "ಕೇಳು. ನೀನು ಗೆದ್ರೆ, ಗೇನ್ಸ್ ಅಂದ್ರೆ ಚಾಂಪಿಯನ್ನನನ್ನ ಎರಡು ಸಲ ಮಲಗಿಸಿದೋನು. ಕುಲುಮೆ ಹತ್ರ ತಲೆ ಎತ್ತಿ ನಿಲ್ತೀನಿ, ನನ್ನ ಮಕ್ಕಳೂ ನಿಲ್ತಾರೆ. ಸೋತು ಬಂದ್ಯೋ, ನಾನು ಈಗ ಹೇಳಿದ್ದೇ ನಿಜ ಆಗೋಗುತ್ತೆ. ನಾನೊಬ್ಬನೇ ಅಲ್ಲ, ಟಿಬ್ಸೂ ಜೊಳ್ಳು, ಹಾಲಿಸೂ ಜೊಳ್ಳು. ನಮ್ಮೆಲ್ಲರ ಮರ್ಯಾದೆ ಈಗ ನಿನ್ನ ಹೆಗಲ ಮೇಲಿದೆ. ಎತ್ತು ಕೈ."

ಅವನು ಹಲ್ಲಿನಿಂದ ದಾರ ಎಳೆದು ಗ್ಲೌಸು ಬಿಗಿ ಮಾಡಿಕೊಂಡ.

"ಇವತ್ತು ಬೇಡ," ಎಂದ ರಾಸ್ಕೋ.

ವೆಂಡೆಲ್ ಅವನ ಮೂಗಿಗೆ ಒಂದು ಬಿಟ್ಟ. ಆಟದ ಏಟಲ್ಲ. ರಾಸ್ಕೋನ ತಲೆ ಹಿಂದಕ್ಕೆ ಹೋಯಿತು, ತುಟಿಯ ಮೇಲೆ ರಕ್ತ ಇಳಿಯಿತು. ಎರಡನೆಯದೂ ಬಿತ್ತು. ಮೂರನೆಯದಕ್ಕೆ ರಾಸ್ಕೋ ಕೈ ಎತ್ತಿ ತಡೆದ. ತಡೆದವನೇ ತಿರುಗಿಸಿ ಕೊಟ್ಟ, ಆ ಪುಟ್ಟ ಗರಡಿಯ ಕಿಟಕಿ ಗಾಜುಗಳು ಅದುರುವ ಹಾಗೆ.

"ಹಾಂ," ಎಂದ ವೆಂಡೆಲ್, ಏದುಸಿರು ಬಿಡುತ್ತ. "ಈಗ ಬಂದೆ ನೋಡು."

ಎಜ್ರಾ ಹೋಗಿ ಬಾಗಿಲಿನ ಅಗುಳಿ ಹಾಕಿದ. ವಾಪಸು ಬಂದು ಗಂಟೆಯ ಪಕ್ಕ ನಿಂತ. ಒಂದು ರೌಂಡಿನ ಹೊತ್ತು ಕಳೆಯಿತು. ಅವನು ಗಂಟೆ ಹೊಡೆಯಲಿಲ್ಲ.